ಫೋನಿನ ಆಯುಸ್ಸು ಯಾರ ಕೈಯಲ್ಲಿದೆ?



ಕೊಳವೆಬಾವಿಯ ಮೋಟರ್ ಸುಟ್ಟುಹೋದರೆ ನಮ್ಮ ರೈತರು ಅದನ್ನು ಎಸೆದುಬಿಡುವುದಿಲ್ಲ. ಮೇಲಕ್ಕೆತ್ತಿಸುತ್ತಾರೆ. ಪೇಟೆಗೆ ಒಯ್ದು ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸುತ್ತಾರೆ. ಬೇರಿಂಗ್ ಹೋದರೆ ಬೇರಿಂಗ್, ಕೇಬಲ್ ಹೋದರೆ ಕೇಬಲ್. ಹೀಗೆ ಒಂದು ಮೋಟರ್ ವರ್ಷಗಟ್ಟಲೆ ನೀರೆತ್ತುತ್ತದೆ. ಅದೇ ರೈತರ ಜೇಬಿನಲ್ಲಿರುವ ಸ್ಮಾರ್ಟ್‌ಫೋನಿಗೆ ಈ ಭಾಗ್ಯವಿಲ್ಲ. ಹತ್ತು ಹದಿನೈದು ಸಾವಿರ ಕೊಟ್ಟು ತಂದ ಫೋನು ಮೂರ್ನಾಲ್ಕು ವರ್ಷಕ್ಕೆ ಮೂಲೆ ಸೇರುತ್ತದೆ.

ಯಾಕೆ ಹೀಗೆ? ಇವತ್ತಿನ ಮಾತು ಇದರ ಬಗ್ಗೆಯೇ. ಬಿಚ್ಚಲು, ಬದಲಿಸಲು, ನಮಗೆ ಬೇಕಾದಂತೆ ತಿದ್ದಿಕೊಳ್ಳಲು ಬರುವ ಫೋನುಗಳಿವೆ. ಅಂಥ ಫೋನಿನೊಂದಿಗೆ ಬಹುಕಾಲ ಬಾಳಿದವರೂ ಇದ್ದಾರೆ. ಅವರ ಅನುಭವದಿಂದ ನಮಗೇನು ಸಿಗುತ್ತದೆ, ನೋಡೋಣ.

ಮೊದಲು ಒಂದು ಮಾತು. ಫೋನಿಗೆ ಮುಪ್ಪು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಮೈಗೆ ಬರುವ ಮುಪ್ಪು. ಲಿಥಿಯಂ ಬ್ಯಾಟರಿ ಸುಮಾರು ಐನೂರು ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾಗುವ ಹೊತ್ತಿಗೆ ತನ್ನ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಆಮೇಲೆ ಮಧ್ಯಾಹ್ನಕ್ಕೇ ಚಾರ್ಜರ್ ಹುಡುಕಬೇಕು. ಪರದೆ ಒಡೆಯುತ್ತದೆ. ಚಾರ್ಜಿಂಗ್ ಪಿನ್ ಸಡಿಲವಾಗುತ್ತದೆ. ಎರಡನೆಯದು ಕಣ್ಣಿಗೆ ಕಾಣದ ಮುಪ್ಪು. ಫೋನು ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ಕಂಪನಿ ಅಪ್‌ಡೇಟ್ ನಿಲ್ಲಿಸಿರುತ್ತದೆ. ಭದ್ರತೆಯ ಬಿರುಕುಗಳನ್ನು ಮುಚ್ಚುವವರಿಲ್ಲ. ಒಂದು ದಿನ ವಾಟ್ಸ್ಆಪ್, ಇನ್ನೊಂದು ದಿನ ಬ್ಯಾಂಕಿನ ಆಪ್, ಇದು ಹಳೆಯ ಆಂಡ್ರಾಯ್ಡ್, ಇನ್ನು ನಡೆಯುವುದಿಲ್ಲ ಎಂದು ಹೇಳಿಬಿಡುತ್ತವೆ.

ಮೊದಲು ಮೈಯ ಮುಪ್ಪನ್ನು ನೋಡೋಣ. ಅದಕ್ಕಾಗಿ ನೆದರ್‌ಲೆಂಡ್ಸ್‌ಗೆ ಹೋಗಬೇಕು.

2010ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆಲವರು ಒಂದು ಜಾಗೃತಿ ಆಂದೋಲನ ಆರಂಭಿಸಿದರು. ಫೋನಿನೊಳಗಿನ ತವರ, ಟ್ಯಾಂಟಲಂ ಮುಂತಾದ ಖನಿಜಗಳು ಕಾಂಗೋ ದೇಶದ ಗಣಿಗಳಿಂದಲೂ ಬರುತ್ತವೆ. ಅಲ್ಲಿ ಆ ಗಣಿಗಳ ಹಣ ಅಂತರ್ಯುದ್ಧಕ್ಕೆ ಹೋಗುತ್ತಿತ್ತು. ಇದನ್ನು ಜನರಿಗೆ ತಿಳಿಸುವುದು ಅವರ ಉದ್ದೇಶ. ಬರೀ ಮಾತಿನಿಂದ ಆಗುವುದಿಲ್ಲ, ನಾವೇ ಒಂದು ಫೋನು ಮಾಡಿ ತೋರಿಸೋಣ ಎಂದು 2013ರಲ್ಲಿ ಅದೇ ಗುಂಪು ಕಂಪನಿಯಾಯಿತು. ಹೆಸರು ಫೇರ್‌ಫೋನ್. ಮೊದಲ ಫೋನು ಸುಮಾರು ಅರವತ್ತು ಸಾವಿರ ಮಾರಾಟವಾಯಿತು. ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಬಹುದಿತ್ತು. ಬಿಡಿಭಾಗಗಳನ್ನೂ ಕಂಪನಿಯೇ ಮಾರುತ್ತಿತ್ತು.

ಆದರೂ ಆ ಮೊದಲ ಫೋನು ಬಹುಕಾಲ ಬಾಳಲಿಲ್ಲ. 2017ರಲ್ಲಿ ಕಂಪನಿಯೇ ಬಹಿರಂಗವಾಗಿ ಹೇಳಿತು: ಇನ್ನು ಬಿಡಿಭಾಗ ಮಾಡಿಸಲು ನಮ್ಮಿಂದ ಆಗುತ್ತಿಲ್ಲ, ಹೊಸ ಆಂಡ್ರಾಯ್ಡ್ ಕೊಡಲೂ ಆಗುತ್ತಿಲ್ಲ. ಆ ಫೋನನ್ನು ಫೇರ್‌ಫೋನ್ ಬುಡದಿಂದ ರೂಪಿಸಿರಲಿಲ್ಲ. ತಯಾರಕರ ಬಳಿ ಆಗಲೇ ಸಿದ್ಧವಿದ್ದ ಒಂದು ಮಾದರಿಯನ್ನು ತಿದ್ದಿ ಮಾಡಿಸಿದ್ದು. ಒಳಗಿನ ಸಾಫ್ಟ್‌ವೇರಿನ ಮೇಲೂ ಅವರಿಗೆ ಹಿಡಿತವಿರಲಿಲ್ಲ. ತನ್ನ ಫೋನಿಗೆ ಆಗಿದ್ದನ್ನು ಮುಚ್ಚಿಡದೆ ಹೇಳಿದ ಈ ಕಂಪನಿಯ ಬಗ್ಗೆ ನನಗೆ ಗೌರವವಿದೆ.

ಆದರೆ ಅಷ್ಟರಲ್ಲಾಗಲೇ ಎರಡನೆಯ ಫೋನನ್ನು ಅವರು ತಾವೇ ರೂಪಿಸಿದ್ದರು. ಫೇರ್‌ಫೋನ್ ಎರಡು. 2015ರ ಡಿಸೆಂಬರಿನಲ್ಲೇ ಅದು ಗ್ರಾಹಕರ ಕೈ ಸೇರಿತ್ತು. ಬೆಲೆ ಐನೂರು ಯೂರೋಗೂ ಮೇಲೆ.

ಈ ಫೋನನ್ನು ಬಿಚ್ಚುವ ಬಗೆ ಹೇಳುತ್ತೇನೆ, ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಿ. ಹಿಂದಿನ ಕವಚವನ್ನು ಉಗುರಿನಿಂದ ಎಬ್ಬಿಸಿ ತೆಗೆಯುತ್ತೀರಿ. ಬ್ಯಾಟರಿಯನ್ನು ಬೆರಳಿನಿಂದಲೇ ಎತ್ತುತ್ತೀರಿ. ಅದರ ಕೆಳಗೆ ನೀಲಿ ಬಣ್ಣದ ಎರಡು ಕೊಂಡಿಗಳಿವೆ. ಎರಡನ್ನೂ ನಡುವಿಗೆ ಸರಿಸಿ, ಪರದೆಯನ್ನು ಒಂದಿಷ್ಟು ಜಾರಿಸಿದರೆ ಸಾಕು. ಇಡೀ ಪರದೆ ಕೈಗೆ ಬರುತ್ತದೆ. ಸ್ಕ್ರೂಡ್ರೈವರ್ ಬೇಡ, ಬಿಸಿ ಬೇಡ. ಒಳಗೆ ಕ್ಯಾಮೆರಾ ಒಂದು ತುಂಡು. ಮೈಕ್, ಸ್ಪೀಕರ್, ಚಾರ್ಜಿಂಗ್ ಕಿಂಡಿ ಸೇರಿ ಇನ್ನೊಂದು ತುಂಡು. ಇವಕ್ಕೆ ಮಾತ್ರ ಸಣ್ಣ ಸ್ಕ್ರೂಡ್ರೈವರ್ ಬೇಕು. ರಿಪೇರಿ ಸುಲಭವೋ ಕಷ್ಟವೋ ಎಂದು ಫೋನುಗಳಿಗೆ ಅಂಕ ಕೊಡುವ ಐಫಿಕ್ಸಿಟ್ ಎಂಬ ಸಂಸ್ಥೆ ಅಮೆರಿಕದಲ್ಲಿದೆ. ಅದು ಈ ಫೋನಿಗೆ ಹತ್ತಕ್ಕೆ ಹತ್ತು ಕೊಟ್ಟಿತು.

ಇದನ್ನು ಬೆಂಗಳೂರಿನ ರಿಪೇರಿ ಅಂಗಡಿಯಲ್ಲಿ ನಡೆಯುವ ಕೆಲಸದ ಪಕ್ಕದಲ್ಲಿಟ್ಟು ನೋಡಿ. ನಮ್ಮ ಸಾಮಾನ್ಯ ಫೋನಿನ ಪರದೆಯನ್ನು ಅಂಟಿನಿಂದ ಕೂಡಿಸಿರುತ್ತಾರೆ. ಅಲ್ಲಿನ ಎಸ್.ಪಿ. ರಸ್ತೆಯ ಅಂಗಡಿಯ ಹುಡುಗ ಮೊದಲು ಫೋನನ್ನು ಬಿಸಿ ತಟ್ಟೆಯ ಮೇಲಿಡುತ್ತಾನೆ. ಅಂಟು ಮೆತ್ತಗಾದ ಮೇಲೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಅಂಚಿನಲ್ಲಿ ತೂರಿಸಿ, ಉಸಿರು ಬಿಗಿಹಿಡಿದು ಎಬ್ಬಿಸುತ್ತಾನೆ. ಕೂದಲೆಳೆಯಷ್ಟು ತಪ್ಪಿದರೂ ಒಳಗಿನ ತೆಳು ಕೇಬಲ್ ಹರಿಯಬಹುದು. ಗಾಜು ಮಾತ್ರ ಒಡೆದಿದ್ದರೂ ಬಹಳ ಸಲ ಗಾಜು, ಟಚ್, ಡಿಸ್‌ಪ್ಲೇ ಮೂರೂ ಒಂದಾಗಿ ಬರುವ ಕಾಂಬೊ ಹಾಕಿಸಬೇಕು. ಅದರ ಬೆಲೆ ಕೇಳಿದವರು ಹೊಸ ಫೋನೇ ತಗೊಳ್ಳೋಣ ಎಂದು ಎದ್ದು ಹೊರಡುತ್ತಾರೆ. ಆ ಹುಡುಗನ ಕೈಚಳಕಕ್ಕೆ ಏನೂ ಕಡಿಮೆಯಿಲ್ಲ. ಫೋನನ್ನು ರೂಪಿಸಿದವರು ಅವನನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ, ಅಷ್ಟೇ.

ಫೇರ್‌ಫೋನ್ ಎರಡರಲ್ಲೂ ಕೊರತೆಗಳಿದ್ದವು. ಫೋನು ದಪ್ಪ. ಅದೇ ಬೆಲೆಗೆ ಬೇರೆ ಕಂಪನಿಯ ಇನ್ನೂ ಚುರುಕಾದ ಫೋನು ಸಿಗುತ್ತಿತ್ತು. ಆದರೆ 2017ರಲ್ಲಿ ಒಂದು ಒಳ್ಳೆಯ ಸಂಗತಿ ನಡೆಯಿತು. ಕಂಪನಿ ಇದೇ ಫೋನಿಗೆ ಇನ್ನೂ ಉತ್ತಮವಾದ ಹೊಸ ಕ್ಯಾಮೆರಾ ತುಂಡನ್ನು ಮಾರಾಟಕ್ಕೆ ತಂದಿತು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರೆ ಆಯಿತು. ಕ್ಯಾಮೆರಾ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಇಡೀ ಫೋನನ್ನು ಬದಲಿಸುವ ನಾವು ಇದನ್ನು ಗಮನಿಸಬೇಕು.

ಇದೇ ಆಸೆಯನ್ನು ಇನ್ನೂ ದೂರ ಕೊಂಡೊಯ್ಯಲು ಹೊರಟವರೂ ಇದ್ದರು. ಗೂಗಲ್‌ನ ಪ್ರಾಜೆಕ್ಟ್ ಆರಾ ನಿಮಗೆ ನೆನಪಿರಬಹುದು. ಕ್ಯಾಮೆರಾ, ಸ್ಪೀಕರ್ ಎಲ್ಲವನ್ನೂ ಬಿಲ್ಲೆಗಳಂತೆ ಜೋಡಿಸಿಕೊಳ್ಳುವ ಫೋನು ಅದು. ಬಹಳ ಸದ್ದು ಮಾಡಿತು. ಅಂಗಡಿಗೆ ಬರುವ ಮೊದಲೇ, 2016ರಲ್ಲಿ, ಅದನ್ನು ಕೈಬಿಟ್ಟರು. ಬೇಕೆಂದಾಗ ಬಿಲ್ಲೆ ಬದಲಿಸುವ ಆ ಫೋನು ಬರಲಿಲ್ಲ. ಕೆಟ್ಟಾಗ ಬದಲಿಸುವ ಫೋನು ಬಂತು, ಉಳಿಯಿತು. ದಿನನಿತ್ಯದ ಬದುಕಿಗೆ ಬೇಕಾದದ್ದು ಈ ಎರಡನೆಯದೇ ಎಂಬುದು ನನ್ನ ಅಭಿಪ್ರಾಯ.

ಕೇಳುಗರೇ, ಇಲ್ಲಿಯವರೆಗೆ ಮೈಯ ಮುಪ್ಪಿನ ಮಾತಾಯಿತು. ಬಿಚ್ಚಲು ಬರುವ ಫೋನು, ಅಂಗಡಿಯಲ್ಲಿ ಸಿಗುವ ಬಿಡಿಭಾಗ, ಇವೆರಡಿದ್ದರೆ ಅದನ್ನು ತಡೆಯಬಹುದು. ಈಗ ಎರಡನೆಯದಕ್ಕೆ, ಕಣ್ಣಿಗೆ ಕಾಣದ ಮುಪ್ಪಿಗೆ ಬರೋಣ. ಇಲ್ಲಿ ನಮ್ಮ ಕನ್ನಡದ್ದೇ ಒಂದು ಕಥೆಯಿದೆ.

2010ರ ಆಸುಪಾಸಿನಲ್ಲಿ ಆಂಡ್ರಾಯ್ಡ್ ಫೋನು ಬಳಸಿದವರಿಗೆ ಇದು ಗೊತ್ತು. ಕನ್ನಡ ಪತ್ರಿಕೆಯ ಜಾಲತಾಣ ತೆರೆದರೆ ಸಾಲು ಸಾಲು ಖಾಲಿ ಚೌಕಗಳು. ಅಕ್ಷರವೇ ಇಲ್ಲ. ಆಗ ಒಪೆರಾ ಮಿನಿ ಬ್ರೌಸರಿನಲ್ಲಿ ಒಂದು ಉಪಾಯವಿತ್ತು. ವಿಳಾಸದ ಜಾಗದಲ್ಲಿ ಕಾನ್ಫಿಗ್ ಎಂದು ಟೈಪಿಸಿದರೆ ಒಂದು ಗುಪ್ತ ಪುಟ ತೆರೆಯುತ್ತಿತ್ತು. ಅಲ್ಲಿ ಬಿಟ್‌ಮ್ಯಾಪ್ ಫಾಂಟ್ ಎಂಬ ಸಾಲಿನ ಎದುರು ಯೆಸ್ ಎಂದು ಆರಿಸಬೇಕು. ಆಮೇಲೆ ಕನ್ನಡ ಪುಟಗಳ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು, ಓದಬಹುದಿತ್ತು. ಗೆಳೆಯರು ಗೆಳೆಯರಿಗೆ ಇದನ್ನು ಹೇಳಿಕೊಡುತ್ತಿದ್ದರು. ಇನ್ನು ಕೆಲವರು ಫೋನನ್ನು ರೂಟ್ ಮಾಡಿ, ಅಂದರೆ ಕಂಪನಿ ಹಾಕಿದ ಬೀಗ ತೆಗೆದು, ಕನ್ನಡ ಫಾಂಟನ್ನು ಒಳಗೆ ಸೇರಿಸುತ್ತಿದ್ದರು. ಅಕ್ಷರ ಕಾಣುತ್ತಿತ್ತು, ಒತ್ತಕ್ಷರ ಕೂರುತ್ತಿರಲಿಲ್ಲ. ಅಮ್ಮ ಎಂದು ಬರೆದರೆ ಮಕಾರದ ಒತ್ತು ಕೆಳಗೆ ಸೇರದೆ ಪಕ್ಕದಲ್ಲಿ ಬೇರೆಯಾಗಿ ನಿಲ್ಲುತ್ತಿತ್ತು.

2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ವ್ಯವಸ್ಥೆಯಾಯಿತು. 2014ರ ಆಂಡ್ರಾಯ್ಡ್ 5ರಲ್ಲಿ ಮೆನುಗಳೇ ಕನ್ನಡಕ್ಕೆ ಬಂದವು. ಆದರೆ ಅಪ್‌ಡೇಟ್ ಸಿಗದ ಫೋನು ಹಿಡಿದವರಿಗೆ ಇದರಿಂದ ಏನು ಬಂತು? ಏನೂ ಇಲ್ಲ. ಫೋನು ಚೆನ್ನಾಗಿಯೇ ನಡೆಯುತ್ತಿದ್ದರೂ ಕನ್ನಡ ಓದಲು ಹೊಸ ಫೋನು ಕೊಳ್ಳಬೇಕಾಯಿತು. ಅಂದಮೇಲೆ ಫೋನನ್ನು ತಿದ್ದಿಕೊಳ್ಳುವ ಹಕ್ಕನ್ನು ಹುಡುಗರ ಆಟವೆಂದು ತಳ್ಳಿಹಾಕುವಂತಿಲ್ಲ. ಸ್ವಂತ ಭಾಷೆಯನ್ನು ಓದಲು ನಮಗೆ ಅದು ಬೇಕಾಗಿತ್ತು. ಕೀಬೋರ್ಡ್ ವಿಷಯದಲ್ಲಿ ಮಾತ್ರ ಆಂಡ್ರಾಯ್ಡ್ ಮೊದಲಿನಿಂದಲೂ ಉದಾರ. ಬೇರೆಯವರು ಮಾಡಿದ ಕೀಬೋರ್ಡನ್ನು ಹಾಕಿಕೊಳ್ಳಲು 2009ರಿಂದಲೇ ಬಿಟ್ಟಿತ್ತು. ಐಫೋನಿನಲ್ಲಿ ಈ ಅನುಕೂಲ ಬಂದದ್ದು 2014ರಲ್ಲಿ. ಐಐಟಿ ಮುಂಬೈಯ ಸ್ವರಚಕ್ರದಂಥ ಕೀಬೋರ್ಡುಗಳು ಕನ್ನಡಿಗರ ಕೈಗೆ ಬಂದದ್ದು ಈ ತೆರೆದ ಬಾಗಿಲಿನಿಂದಲೇ.

ಸರಿ, ಕಂಪನಿ ಅಪ್‌ಡೇಟ್ ನಿಲ್ಲಿಸಿತು. ಆಮೇಲೆ ಬೇರೆ ಯಾರಾದರೂ ಕೊಡಬಹುದೇ? ಕೊಡಬಹುದು. ಆಂಡ್ರಾಯ್ಡಿನ ಮೂಲಭಾಗ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದನ್ನು ತೆಗೆದುಕೊಂಡು ತಿದ್ದಬಹುದು. 2009ರಲ್ಲಿ ಸ್ಟೀವ್ ಕೊಂಡಿಕ್ ಎಂಬ ಪ್ರೋಗ್ರಾಮರ್ ಹೀಗೆ ತಿದ್ದಿದ ಆಂಡ್ರಾಯ್ಡಿಗೆ ಸಯನೋಜೆನ್‌ಮಾಡ್ ಎಂದು ಹೆಸರಿಟ್ಟರು. ಸಾವಿರಾರು ಜನ ಕೈಜೋಡಿಸಿದರು. 2013ರಲ್ಲಿ ಅದು ಸಯನೋಜೆನ್ ಎಂಬ ಕಂಪನಿಯಾಯಿತು. ಮರುವರ್ಷ ಒನ್‌ಪ್ಲಸ್ ಒನ್ ಎಂಬ ಫೋನು ಅದರೊಂದಿಗೇ ಮಾರುಕಟ್ಟೆಗೆ ಬಂತು.

ನಮ್ಮ ದೇಶಕ್ಕೂ ಆ ಫೋನು 2014ರ ಡಿಸೆಂಬರಿನಲ್ಲಿ ಬಂತು. ಬಂದ ತಿಂಗಳಲ್ಲೇ ಕೋರ್ಟು ಮೆಟ್ಟಿಲೇರಿತು. ಭಾರತದಲ್ಲಿ ತನ್ನ ಸಾಫ್ಟ್‌ವೇರ್ ಬಳಸುವ ಹಕ್ಕನ್ನು ಸಯನೋಜೆನ್ ಮೈಕ್ರೋಮ್ಯಾಕ್ಸ್ ಎಂಬ ಫೋನು ಕಂಪನಿಗೆ ಮಾತ್ರ ಕೊಟ್ಟಿತ್ತು. ದೆಹಲಿ ಹೈಕೋರ್ಟು ಕೆಲಕಾಲ ಒನ್‌ಪ್ಲಸ್ ಮಾರಾಟಕ್ಕೆ ತಡೆ ಕೊಟ್ಟಿತು, ಆಮೇಲೆ ತೆರವಾಯಿತು. ಎರಡು ವರ್ಷದ ನಂತರ, 2016ರ ಕೊನೆಯ ದಿನ, ಸಯನೋಜೆನ್ ಕಂಪನಿ ತನ್ನ ಸೇವೆಯನ್ನೇ ನಿಲ್ಲಿಸಿತು. ಅದನ್ನು ನಂಬಿದ್ದ ಫೋನುಗಳಿಗೆ ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಕಂಪನಿ ಹೋಯಿತು, ಅದರ ಸಂಕೇತ, ಅಂದರೆ ಸಾಫ್ಟ್‌ವೇರಿನ ಮೂಲ ಬರಹ, ಎಲ್ಲರದ್ದಾಗಿ ಉಳಿಯಿತು. ಕೆಲವೇ ದಿನಗಳಲ್ಲಿ ಸ್ವಯಂಸೇವಕರು ಅದನ್ನೇ ಎತ್ತಿಕೊಂಡು ಲೀನಿಯೇಜ್ ಓಎಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಆಂಡ್ರಾಯ್ಡ್ 4.4ರೊಂದಿಗೆ ಬಂದಿದ್ದ ಆ ಒನ್‌ಪ್ಲಸ್ ಒನ್ ಫೋನಿಗೆ ಅವರು ಆಂಡ್ರಾಯ್ಡ್ 11ರವರೆಗೂ ತಂದುಕೊಟ್ಟರು. ಬೆಲೆಯೆಂದು ಯಾರಿಂದಲೂ ಒಂದು ರೂಪಾಯಿ ಕೇಳದೆ. ಈ ಕೆಲಸವನ್ನು ನಾನು ನಮ್ಮ ಕಾಲದ ದೊಡ್ಡ ಸಾರ್ವಜನಿಕ ಸೇವೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ಮತ್ತೆ ಫೇರ್‌ಫೋನ್ ಎರಡಕ್ಕೆ ಬರೋಣ. ಅದರ ಹೃದಯವೂ ಒನ್‌ಪ್ಲಸ್ ಒನ್‌ನಲ್ಲಿದ್ದ ಚಿಪ್ಪೇ, ಕ್ವಾಲ್‌ಕಾಮಿನ ಸ್ನ್ಯಾಪ್‌ಡ್ರ್ಯಾಗನ್ 801. ಆಂಡ್ರಾಯ್ಡ್ 7ಕ್ಕೆ ಈ ಚಿಪ್ಪನ್ನು ಹೊಂದಿಸಿಕೊಡುವುದಿಲ್ಲ ಎಂದು ಕ್ವಾಲ್‌ಕಾಮ್ ತೀರ್ಮಾನಿಸಿತು. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಗೂಗಲ್ ಹೊಸ ಆಂಡ್ರಾಯ್ಡ್ ಬಿಡುತ್ತದೆ. ಚಿಪ್ ಕಂಪನಿ ಅದನ್ನು ತನ್ನ ಚಿಪ್ಪಿಗೆ ಹೊಂದಿಸಬೇಕು. ಆಮೇಲಷ್ಟೇ ಫೋನು ಕಂಪನಿಯ ಸರದಿ. ಮಧ್ಯದವರು ಕೈಬಿಟ್ಟರೆ ಸಾಮಾನ್ಯವಾಗಿ ಫೋನು ಕಂಪನಿಯೂ ಕೈಚೆಲ್ಲುತ್ತದೆ. ಫೇರ್‌ಫೋನ್ ಕೈಚೆಲ್ಲಲಿಲ್ಲ. ಲೀನಿಯೇಜ್ ಬಳಗದವರು ಇದೇ ಚಿಪ್ಪಿಗಾಗಿ ಮಾಡಿದ್ದ ಕೆಲಸದ ನೆರವು ಅವರಿಗೆ ಸಿಕ್ಕಿತು. ಗೂಗಲ್ ಕೇಳುವ ಲಕ್ಷಗಟ್ಟಲೆ ಪರೀಕ್ಷೆಗಳನ್ನು ಒಂದೊಂದಾಗಿ ದಾಟಿದರು. 2018ರಲ್ಲಿ ಆಂಡ್ರಾಯ್ಡ್ 7. 2021ರಲ್ಲಿ 9. 2022ರಲ್ಲಿ 10. ಫೋನು ಹುಟ್ಟಿದ್ದು 5ರಲ್ಲಿ. ಅದರ ಅಪ್‌ಡೇಟ್ ನಿಂತದ್ದು 2023ರಲ್ಲಿ, ಅಂದರೆ ಏಳು ವರ್ಷ ದಾಟಿದ ಮೇಲೆ.

ಅಂದರೆ, ಕೇಳುಗರೇ, ಮೈಯನ್ನು ಬಿಡಿಭಾಗ ಕಾಯಿತು, ಒಳಗನ್ನು ಮುಕ್ತ ತಂತ್ರಾಂಶ ಕಾಯಿತು. ಹಾಗಾದರೆ ನಾಳೆಯೇ ನಮ್ಮ ಹಳೆಯ ಫೋನಿಗೆ ಲೀನಿಯೇಜ್ ಹಾಕಿಸಿಬಿಡಬಹುದೇ? ಇದಕ್ಕೆ ಉತ್ತರ ಕೊಡುವಾಗ ಬಹಳ ಜಾಗ್ರತೆಯಿಂದ ಇರಬೇಕು.

ಮೊದಲನೆಯದಾಗಿ, ಬೂಟ್‌ಲೋಡರ್ ಎಂಬ ಬೀಗವನ್ನು ತೆಗೆಯಬೇಕು. ಅದನ್ನು ತೆಗೆದ ಕ್ಷಣ ಫೋನಿನಲ್ಲಿರುವ ಫೋಟೋ, ನಂಬರು, ಸಂದೇಶ ಎಲ್ಲ ಅಳಿಸಿಹೋಗುತ್ತದೆ. ಮೊದಲೇ ಬೇರೆ ಕಡೆ ನಕಲು ಇಟ್ಟುಕೊಂಡಿರಬೇಕು. ಕೆಲವು ಕಂಪನಿಗಳು ಈ ಬೀಗ ತೆಗೆಯಲು ಬಿಡುವುದೇ ಇಲ್ಲ. ಕೆಲವು ವಾರಗಟ್ಟಲೆ ಕಾಯಿಸುತ್ತವೆ. ವಾರಂಟಿಯೂ ಹೋಗಬಹುದು.

ಎರಡನೆಯ ಅಡ್ಡಿ ಭಾರತದಲ್ಲಿರುವ ನಮಗೆ ದೊಡ್ಡದು. ಯುಪಿಐ ಬಂದದ್ದು 2016ರಲ್ಲಿ. ಇವತ್ತು ತರಕಾರಿ ಗಾಡಿಯಿಂದ ಆಟೋದವರೆಗೆ ಹಣ ಕೊಡುವುದು ಫೋನಿನಿಂದ. ಬ್ಯಾಂಕಿನ ಆಪ್‌ಗಳು ಫೋನಿನ ಬೀಗ ಸರಿಯಿದೆಯೇ ಎಂದು ಗೂಗಲ್‌ನ ಮೂಲಕ ಕೇಳಿ ನೋಡುತ್ತವೆ. ಬೀಗ ತೆಗೆದಿದ್ದರೆ ಎಷ್ಟೋ ಆಪ್‌ಗಳು ತೆರೆಯುವುದೇ ಇಲ್ಲ. ಭದ್ರತೆಗಾಗಿ ಹೀಗೆ ಮಾಡುತ್ತೇವೆ ಎಂದು ಅವರು ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಆದರೆ ಅನ್ಯಾಯವನ್ನೂ ನೋಡಿ. ಐದು ವರ್ಷದಿಂದ ಒಂದೂ ಭದ್ರತಾ ಅಪ್‌ಡೇಟ್ ಕಾಣದ ಫೋನು ಬೀಗ ಹಾಗೇ ಇದೆ ಎಂಬ ಒಂದೇ ಕಾರಣಕ್ಕೆ ಎಷ್ಟೋ ಸಲ ಪಾಸಾಗುತ್ತದೆ. ಕಳೆದ ತಿಂಗಳಷ್ಟೇ ಹೊಸ ಅಪ್‌ಡೇಟ್ ಪಡೆದ ಲೀನಿಯೇಜ್ ಫೋನು ಫೇಲಾಗುತ್ತದೆ. ಈ ಅಳತೆಗೋಲನ್ನು ಬ್ಯಾಂಕುಗಳೂ ಗೂಗಲ್ ಸಹ ಬದಲಿಸಬೇಕು.

ಸಣ್ಣಪುಟ್ಟ ತೊಂದರೆಗಳು ಬೇರೆ. ಕ್ಯಾಮೆರಾ ಮೊದಲಿನಷ್ಟು ಚೆನ್ನಾಗಿ ಬರದೆ ಹೋಗಬಹುದು. ಕೆಲವು ಫೋನುಗಳಲ್ಲಿ 4ಜಿ ಕರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಜಿಯೋದಂಥ, ಕರೆಯೂ 4ಜಿಯಲ್ಲೇ ಹೋಗುವ ಸಿಮ್ ಇದ್ದರೆ ಮಾತೇ ನಿಂತುಹೋಗುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟು. ಮನೆಯಲ್ಲಿ ಹಣದ ವ್ಯವಹಾರಕ್ಕೆ ಇರುವ ಒಂದೇ ಫೋನಿನ ಮೇಲೆ ಈ ಪ್ರಯೋಗ ಬೇಡ. ಎರಡನೆಯ ಫೋನಿದ್ದರೆ, ಮಕ್ಕಳ ಪಾಠಕ್ಕೋ ಹಾಡು ಕೇಳುವುದಕ್ಕೋ ಪುಸ್ತಕ ಓದುವುದಕ್ಕೋ ಅದನ್ನು ಧಾರಾಳವಾಗಿ ಹೀಗೆ ಬದುಕಿಸಿಕೊಳ್ಳಿ.

ಹೀಗೆ ತಿದ್ದಿಕೊಂಡ ಫೋನನ್ನು ವರ್ಷಗಟ್ಟಲೆ ಬಳಸುವವರಲ್ಲಿ ಒಂದು ಬದಲಾವಣೆಯನ್ನು ನಾನು ಗಮನಿಸಿದ್ದೇನೆ. ಮೊದಲ ತಿಂಗಳುಗಳಲ್ಲಿ ದಿನಕ್ಕೊಂದು ಥೀಮ್, ವಾರಕ್ಕೊಂದು ಐಕಾನು. ಆಮೇಲೆ ಆ ಹುಮ್ಮಸ್ಸು ಇಳಿಯುತ್ತದೆ. ಸೇರಿಸುವುದಕ್ಕಿಂತ ತೆಗೆಯುವುದರಲ್ಲಿ ಆಸಕ್ತಿ ಬೆಳೆಯುತ್ತದೆ. ಕೇಳದೆ ಬಂದ ಆಪ್‌ಗಳು ಹೋಗುತ್ತವೆ. ಜಾಹೀರಾತಿನ ನೋಟಿಫಿಕೇಶನ್ ಹೋಗುತ್ತದೆ. ಜಾಗ ಖಾಲಿಯಾಗಿ, ಹ್ಯಾಂಗ್ ಆಗುವುದು ಕಡಿಮೆಯಾಗಿ, ಹಳೆಯ ಫೋನು ಚುರುಕಾಗುತ್ತದೆ. ಇದಕ್ಕೆ ಬೀಗ ತೆಗೆಯಬೇಕಾಗಿಯೂ ಇಲ್ಲ. ಯಾವ ಫೋನಿನಲ್ಲೂ ಒಂದಷ್ಟು ಮಟ್ಟಿಗೆ ಇವತ್ತೇ ಮಾಡಬಹುದು.

ಫೇರ್‌ಫೋನನ್ನು ಕಂಪನಿ ಭಾರತದಲ್ಲಿ ಮಾರುವುದಿಲ್ಲ. ಆದರೆ ಅದು ತೋರಿಸಿದ ದಾರಿಯಲ್ಲಿ ದೊಡ್ಡವರೂ ನಡೆಯತೊಡಗಿದ್ದಾರೆ. 2023ರ ಫೇರ್‌ಫೋನ್ ಐದಕ್ಕೆ 2031ರವರೆಗೆ ಅಪ್‌ಡೇಟ್ ಕೊಡುವ ಮಾತಿದೆ. ಅದೇ ವರ್ಷ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಮರುವರ್ಷ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಭರವಸೆ ಕೊಟ್ಟವು. ಇವೆಲ್ಲ ದುಬಾರಿ ಫೋನುಗಳು. ಹತ್ತು ಹನ್ನೆರಡು ಸಾವಿರದ ಹೆಚ್ಚಿನ ಫೋನುಗಳಿಗೆ ಇಷ್ಟು ದೀರ್ಘ ಭರವಸೆ ಸಿಗುವುದಿಲ್ಲ.

ಯುರೋಪಿನಲ್ಲಿ ಕಾನೂನೇ ಬಂದಿದೆ. 2025ರ ಜೂನ್‌ನಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನಿನ ಬ್ಯಾಟರಿ ಎಂಟುನೂರು ಸಲ ಚಾರ್ಜ್ ಆದ ಮೇಲೂ ನೂರಕ್ಕೆ ಎಂಬತ್ತರಷ್ಟು ಶಕ್ತಿ ಉಳಿಸಿಕೊಂಡಿರಬೇಕು. ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು, ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಫೋನು, ಕೃಷಿ ಉಪಕರಣ, ವಾಹನ, ಗೃಹೋಪಯೋಗಿ ವಸ್ತುಗಳು ಅದರ ವ್ಯಾಪ್ತಿಗೆ ಬಂದವು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಶುರುವಾಯಿತು. ಕಂಪನಿಗಳು ರಿಪೇರಿಯ ಮಾಹಿತಿಯನ್ನು ಅಲ್ಲಿ ಕೊಡುತ್ತವೆ. ಮಾಹಿತಿ ಒಳ್ಳೆಯದೇ. ಅಷ್ಟು ಸಾಲದು. ಬಿಡಿಭಾಗವೂ ಅಪ್‌ಡೇಟೂ ಇಷ್ಟು ವರ್ಷ ಸಿಗಲೇಬೇಕು ಎಂಬ ಕಡ್ಡಾಯ ಬರಬೇಕು, ಅದರಲ್ಲೂ ಅಗ್ಗದ ಫೋನುಗಳಿಗೆ. ಅವನ್ನು ಕೊಳ್ಳುವವರಿಗೇ ಮತ್ತೆ ಮತ್ತೆ ಹೊಸ ಫೋನು ಕೊಳ್ಳುವ ಹೊರೆ ಹೆಚ್ಚು ಭಾರ.

ಮುಂದಿನ ಸಲ ಫೋನು ಕೊಳ್ಳಲು ಹೋದಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಅಂಗಡಿಯವರನ್ನು ಬೇರೆ ಮೂರು ಮಾತು ಕೇಳಿ. ಭದ್ರತಾ ಅಪ್‌ಡೇಟ್ ಯಾವ ಇಸವಿಯವರೆಗೆ ಬರುತ್ತದೆ? ಬ್ಯಾಟರಿ, ಡಿಸ್‌ಪ್ಲೇ ನಮ್ಮ ಊರಿನ ಹತ್ತಿರ ಎಲ್ಲಿ ಹಾಕಿಕೊಡುತ್ತಾರೆ, ಎಷ್ಟಕ್ಕೆ? ಬೂಟ್‌ಲೋಡರ್ ಬೀಗ ತೆಗೆಯಲು ಕಂಪನಿ ಬಿಡುತ್ತದೆಯೇ? ಉತ್ತರ ಸಿಗದಿದ್ದರೂ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಾಗಿರುತ್ತದೆ.

ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಈಗ ಕೇಳುತ್ತಿದ್ದರೆ ನಿಮಗೊಂದು ಮಾತು. ಲೀನಿಯೇಜ್‌ನಲ್ಲಿ ಪ್ರತಿ ಫೋನಿನ ಮಾದರಿಯನ್ನು ನೋಡಿಕೊಳ್ಳಲು ಒಬ್ಬರಾದರೂ ಇರಲೇಬೇಕು. ಅವರು ಬಿಟ್ಟುಹೋಗಿ ಬೇರೆ ಯಾರೂ ಬರದಿದ್ದರೆ ಆ ಮಾದರಿಗೆ ಅಪ್‌ಡೇಟ್ ನಿಂತುಹೋಗುತ್ತದೆ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಷ್ಟೋ ಅಗ್ಗದ ಫೋನುಗಳಿಗೆ ಹೀಗೆ ನೋಡಿಕೊಳ್ಳುವವರೇ ಇಲ್ಲ. ಅನುವಾದವನ್ನೂ ಸ್ವಯಂಸೇವಕರೇ ಮಾಡುತ್ತಾರೆ, ಕನ್ನಡದ ಕೆಲಸವನ್ನು ಕನ್ನಡಿಗರೇ ಮಾಡಬೇಕು. ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೀರಾದರೆ, ಅಂಥ ಒಂದು ಫೋನನ್ನು ಕೈಗೆತ್ತಿಕೊಳ್ಳಿ.